ಅಡ್ಡ ಪ್ರಶ್ನೆಯ ಅಡಿಯಲ್ಲಿ ಏನಿದೆ? ಎನ್‌ಎಫ್‌ಎಲ್ ಸಂದರ್ಶನಕ್ಕೆ ಹೋಗುವ ಮಗನಿಗೆ ಒಂದಷ್ಟು ತಯಾರಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿರುವ ಕನ್ನಡದವರು. ಮಗ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕಿಕರ್, ಅಂದರೆ ಚೆಂಡು ಒದೆದು ಅಂಕ ಗಳಿಸುವವನು. ಮುಂದಿನ ವರ್ಷ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಡ್ರಾಫ್ಟ್‌ಗೆ, ಅಂದರೆ ತಂಡಗಳು ಏಳು ಸುತ್ತಿನಲ್ಲಿ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ, ಅರ್ಹನಾಗುತ್ತಾನೆ. ಡ್ರಾಫ್ಟ್‌ಗೆ ಮುಂಚೆ ತಂಡದವರು ಸಂದರ್ಶನ ಮಾಡುತ್ತಾರಂತೆ, ‘ಗಂಡಸರು ಇಷ್ಟವಾ’, ‘ನಿಮ್ಮಮ್ಮ ಎಂಥವಳು’ ಅಂತೆಲ್ಲ ಕೇಳುತ್ತಾರಂತೆ. ಇದು ನಿಜವೇ? ಕೆಲಸದ ಸಂದರ್ಶನದಲ್ಲಿ ಇಂಥದ್ದು ಕೇಳಲು ಕಾನೂನು ಬಿಡುತ್ತದೆಯೇ? ಅವನು ಏನು ಉತ್ತರ ಕೊಡಬೇಕು? ಕೊಡದಿದ್ದರೆ ಅವಕಾಶ ತಪ್ಪುತ್ತದೆಯೇ?

ಉತ್ತರ: ಕೇಳಿದ್ದು ನಿಜ. ಗಾಳಿಮಾತಲ್ಲ, ಕೇಳಿದವರು ಕ್ಷಮೆ ಬೇಡಿದ ದಾಖಲೆಯೇ ಇದೆ. 2010ರಲ್ಲಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಆಟಗಾರ ಡೆಜ್ ಬ್ರಯಂಟ್‌ಗೆ ಮಯಾಮಿ ಡಾಲ್ಫಿನ್ಸ್ ತಂಡದ ಜನರಲ್ ಮ್ಯಾನೇಜರ್ ಜೆಫ್ ಐರ್ಲೆಂಡ್ ‘ನಿನ್ನ ತಾಯಿ ವೇಶ್ಯೆಯೇ’ ಎಂದು ಕೇಳಿದ್ದರು. ಸುದ್ದಿ ಹೊರಬಿದ್ದ ಮೇಲೆ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. 2013ರಲ್ಲಿ ಕೊಲರಾಡೊದ ನಿಕ್ ಕಾಸಾ ರೇಡಿಯೊದಲ್ಲಿ ಮಾತಾಡುತ್ತ, ಮದುವೆ ಆಗಿದೆಯಾ, ಗರ್ಲ್‌ಫ್ರೆಂಡ್ ಇದ್ದಾಳಾ, ಹುಡುಗಿಯರು ಇಷ್ಟವಾ ಎಂದು ತನ್ನನ್ನು ಕೇಳಿದ್ದನ್ನು ಹೇಳಿದರು. ಆಗ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎರಿಕ್ ಶ್ನೈಡರ್‌ಮನ್ ಲೀಗ್‌ಗೆ ಪತ್ರ ಬರೆದರು. ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಸಲ್ಲದು ಎಂಬ ಪೋಸ್ಟರ್ ಪ್ರತಿ ಲಾಕರ್ ಕೋಣೆಯಲ್ಲಿ ಹಚ್ಚಲು ಲೀಗ್ ಒಪ್ಪಿತು. ಮೂರು ವರ್ಷದ ನಂತರ, 2016ರಲ್ಲಿ, ಒಹಾಯೊ ಸ್ಟೇಟ್‌ನ ಇಲಾಯ್ ಆ್ಯಪಲ್‌ಗೆ ಅಟ್ಲಾಂಟಾ ಫಾಲ್ಕನ್ಸ್‌ನ ಸಹಾಯಕ ತರಬೇತುದಾರರೊಬ್ಬರು ಮೊದಲ ಮಾತಿಗೇ ‘ಗಂಡಸರು ಇಷ್ಟವಾ’ ಎಂದರು. ಮುಖ್ಯ ತರಬೇತುದಾರ ಡ್ಯಾನ್ ಕ್ವಿನ್ ಕ್ಷಮೆ ಕೇಳಬೇಕಾಯಿತು. ಪೋಸ್ಟರಿನ ಬಲ ಅಷ್ಟೇ.

2018ರಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಡೆರಿಯಸ್ ಗೈಸ್ ಅದೇ ಎರಡು ಪ್ರಶ್ನೆ, ಅಂದರೆ ಗಂಡಸರ ಬಗ್ಗೆ ಒಂದು, ತಾಯಿಯ ಬಗ್ಗೆ ಒಂದು, ತನಗೂ ಎದುರಾದವು ಎಂದರು. ಲೀಗ್ ವಿಚಾರಣೆ ನಡೆಸಿ, ದೃಢಪಡಿಸಲು ಆಗಲಿಲ್ಲ ಎಂದು ಕೈತೊಳೆದುಕೊಂಡಿತು. ಈ ‘ದೃಢಪಡಿಸಲು ಆಗಲಿಲ್ಲ’ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೊನೆಗೆ ಜನವರಿ 2022ರಲ್ಲಿ ಲೀಗ್ ಎಲ್ಲ 32 ತಂಡಗಳಿಗೂ ಸುತ್ತೋಲೆ ಕಳಿಸಿತು: ಸಂದರ್ಶನದಲ್ಲಿ ಅಗೌರವದಿಂದ ಅಥವಾ ವೃತ್ತಿಗೆ ತಕ್ಕುದಲ್ಲದಂತೆ ನಡೆದುಕೊಂಡರೆ ಆ ತಂಡ 1ರಿಂದ 4ನೇ ಸುತ್ತಿನೊಳಗಿನ ಒಂದು ಡ್ರಾಫ್ಟ್ ಆಯ್ಕೆಯನ್ನು ಕಳೆದುಕೊಳ್ಳುತ್ತದೆ, ಕನಿಷ್ಠ 1,50,000 ಡಾಲರ್ ದಂಡ ಕಟ್ಟಬೇಕು, ಕೇಳಿದ ವ್ಯಕ್ತಿಯ ಮೇಲೂ ಕ್ರಮ ಆಗಬಹುದು. ತಂಡಗಳಿಗೆ ದಂಡದ ಹಣ ಲೆಕ್ಕಕ್ಕಿಲ್ಲ, ಬಿಸಿ ತಾಗುವುದು ಆಯ್ಕೆ ಕಳೆದುಕೊಳ್ಳುವುದರಲ್ಲಿ. ಎರಡನೇ ಸುತ್ತಿನ ಆಯ್ಕೆ ಹೋದರೆ ಜನರಲ್ ಮ್ಯಾನೇಜರ್ ಮಾಲೀಕನ ಮುಂದೆ ನಿಂತು ವಿವರಣೆ ಕೊಡಬೇಕಾಗುತ್ತದೆ. ಹೀಗಾಗಿ ನಿಮ್ಮ ಮಗನಿಗೆ ಬ್ರಯಂಟ್‌ಗೆ ಬಂದಂಥ ನೇರ ಪ್ರಶ್ನೆ ಬರುವ ಸಂಭವ ಕಡಿಮೆ. ಅದೇ ಪ್ರಶ್ನೆ ನಯವಾಗಿ ಸುತ್ತಿಕೊಂಡು ಬರುವುದಕ್ಕೆ ಅಡ್ಡಿಯಿಲ್ಲ. ತಯಾರಿ ಬೇಕಿರುವುದು ಅದಕ್ಕೆ.

ಆ 18 ನಿಮಿಷ

ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್, ಅಂದರೆ ಡ್ರಾಫ್ಟ್‌ಗೆ ಬರುವವರನ್ನು ಒಂದೆಡೆ ಸೇರಿಸಿ ಪರೀಕ್ಷಿಸುವ ಶಿಬಿರ, ನಡೆಯುತ್ತದೆ. 300ಕ್ಕೂ ಹೆಚ್ಚು ಆಟಗಾರರು ಬರುತ್ತಾರೆ. ಎತ್ತರ, ತೂಕ, ಕೈಯ ಅಗಲ, ತೋಳಿನ ಉದ್ದ ಎಲ್ಲ ಅಳೆಯುತ್ತಾರೆ, ನಮ್ಮ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವ ಹಾಗೆ. ಔಪಚಾರಿಕ ಸಂದರ್ಶನ ಆಗುವುದು ಇದರ ನಡುವೆ. 2020ರಿಂದ ಒಂದು ತಂಡ 45 ಆಟಗಾರರನ್ನು ಕರೆಯಬಹುದು, ಒಬ್ಬೊಬ್ಬರಿಗೆ 18 ನಿಮಿಷ. (ಅದಕ್ಕೆ ಮುಂಚೆ 60 ಜನ, 15 ನಿಮಿಷ ಇತ್ತು.)

ಕೋಣೆಯೊಳಗೆ ಹೋದರೆ ಮೇಜಿನ ಆಚೆ ಜನರಲ್ ಮ್ಯಾನೇಜರ್, ಮುಖ್ಯ ತರಬೇತುದಾರ, ಆ ವಿಭಾಗದ ತರಬೇತುದಾರ, ಒಂದಿಬ್ಬರು ಸ್ಕೌಟ್‌ಗಳು (ಹೊಸ ಆಟಗಾರರನ್ನು ಹುಡುಕಿ ಅಳೆಯುವವರು), ಕೆಲವೊಮ್ಮೆ ತಂಡದ ಮನಃಶಾಸ್ತ್ರಜ್ಞ. ಮೂಲೆಯಲ್ಲಿ ಸುಮ್ಮನೆ ಬರೆದುಕೊಳ್ಳುತ್ತ ಕೂತವನು ಭದ್ರತಾ ಅಧಿಕಾರಿಯಾಗಿರಬಹುದು. ಆ ಹುದ್ದೆಯಲ್ಲಿರುವವರಲ್ಲಿ ಪೊಲೀಸ್ ಅಥವಾ ಎಫ್‌ಬಿಐಯಿಂದ ನಿವೃತ್ತರಾದವರು ಹೆಚ್ಚು. ಪರದೆಯ ಮೇಲೆ ಹುಡುಗನ ಆಟದ ತುಣುಕು ಓಡುತ್ತದೆ. ಚೆನ್ನಾಗಿ ಆಡಿದ್ದನ್ನು ಹಾಕುವುದಿಲ್ಲ, ಎಡವಿದ್ದನ್ನೇ ಹಾಕುತ್ತಾರೆ. ಕಿಕರ್ ಆದರೆ ಗಾಳಿ ಬೀಸುವ ದಿನ ತಪ್ಪಿದ 42 ಗಜದ ಒದೆತ. ‘ಏನಾಯ್ತು?’ ಎಂದು ಒಬ್ಬರು ಕೇಳುತ್ತಾರೆ. ನೆಲಕ್ಕೂರುವ ಕಾಲು ಚೆಂಡಿಗಿಂತ ಮುಂದೆ ಬಿತ್ತು, ಸ್ನ್ಯಾಪ್‌ನಿಂದ (ಚೆಂಡನ್ನು ಹಿಂದಕ್ಕೆ ಎಸೆಯುವ ಕ್ಷಣ) ಒದೆತದವರೆಗೆ 1.3 ಸೆಕೆಂಡ್ ಆಗಬೇಕಿದ್ದದ್ದು 1.45 ಆಯಿತು, ಹಾಗಾಗಿ ಅವಸರಪಟ್ಟೆ ಎಂದು ಹುಡುಗ ವಿವರಿಸುತ್ತಿರುವಾಗಲೇ, ತುಣುಕು ನಿಲ್ಲಿಸದೆಯೇ, ಇನ್ನೊಬ್ಬರು ಪಕ್ಕದಿಂದ ‘ಅಪ್ಪ ಅಮ್ಮ ಇನ್ನೂ ಒಟ್ಟಿಗಿದ್ದಾರಾ?’ ಎನ್ನುತ್ತಾರೆ.

ಅಡ್ಡ ಪ್ರಶ್ನೆ ಬರುವ ಬಗೆ ಇದು. ತಲೆ ಆಟದಲ್ಲಿ ಮುಳುಗಿರುವಾಗ ಬರುತ್ತದೆ, ಸ್ವರ ಬದಲಾಗದೆ ಬರುತ್ತದೆ. ಇಪ್ಪತ್ತೆರಡರ ಹುಡುಗ ಮಾಮೂಲಿಯಾಗಿ ಎಡವುವುದು ಕೋಪದಿಂದಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು ಎಂದು ಮನೆಯಲ್ಲೂ ಶಾಲೆಯಲ್ಲೂ ಕಲಿತ ಅಭ್ಯಾಸದಿಂದ. ನಮ್ಮ ಮನೆಗಳ ಹುಡುಗರಿಗೆ ಈ ರೋಗ ಸ್ವಲ್ಪ ಜಾಸ್ತಿಯೇ. ಹಿರಿಯರು ಕೇಳಿದರೆ ಬಾಯಿಬಿಡದೆ ಇರುವುದು ಅಹಂಕಾರ ಅಂತ ನಾವೇ ಹೇಳಿಕೊಟ್ಟಿರುತ್ತೇವೆ.

ಕಂಬೈನ್ ಒಂದೇ ಕಡೆ ಅಲ್ಲ. ಅದಕ್ಕೆ ಮುಂಚೆ ಅಲಬಾಮದ ಮೊಬೀಲ್‌ನಲ್ಲಿ ನಡೆಯುವ ಸೀನಿಯರ್ ಬೌಲ್ ಎಂಬ ಪ್ರದರ್ಶನ ಪಂದ್ಯ, ನಂತರ ಕಾಲೇಜಿನಲ್ಲೇ ತಂಡದವರ ಮುಂದೆ ಆಡಿ ತೋರಿಸುವ ಪ್ರೊ ಡೇ, ಆಮೇಲೆ ತಂಡದ ಕಚೇರಿಗೇ ಕರೆಸಿಕೊಳ್ಳುವ ಭೇಟಿ. ಒಂದು ತಂಡ ಹೊರ ಊರಿನ 30 ಜನರನ್ನು ಹೀಗೆ ಕರೆಸಬಹುದು. ಈ ಭೇಟಿ ಒಂದು ದಿನವಿಡೀ ಇರುತ್ತದೆ. ವಿಮಾನ ನಿಲ್ದಾಣದಿಂದ ಕರೆತರುವ ಹುಡುಗ, ಊಟಕ್ಕೆ ಜೊತೆಗೆ ಕೂರುವ ಸಹಾಯಕ, ಎಲ್ಲರೂ ಕಿವಿ ತೆರೆದೇ ಇರುತ್ತಾರೆ. ಬ್ರಯಂಟ್‌ಗೆ ಆ ಪ್ರಶ್ನೆ ಬಂದದ್ದು ಕಂಬೈನ್‌ನಲ್ಲಲ್ಲ, ಇಂಥ ಭೇಟಿಯಲ್ಲಿ.

ಕಿಕರ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ಡ್ರಾಫ್ಟ್ ಆಗುವ ಕಿಕರ್‌ಗಳು ಬೆರಳೆಣಿಕೆ. 2023ರಲ್ಲಿ 259 ಆಯ್ಕೆಗಳಲ್ಲಿ ಕಿಕರ್‌ಗಳು 3 ಮಾತ್ರ. ಉಳಿದವರು ಡ್ರಾಫ್ಟ್ ಆಗದೆ, ಫೋನಿನಲ್ಲಿ ಕರಾರು ಮಾಡಿಕೊಂಡು ಹೋಗುವವರು. ಋತು ಶುರುವಾದ ಮೇಲೂ ಒಬ್ಬ ಕಿಕರ್ ಎರಡು ಪಂದ್ಯ ಕೆಡಿಸಿದರೆ ಮಂಗಳವಾರ ನಾಲ್ಕೈದು ಜನರನ್ನು ಕರೆಸಿ ಪರೀಕ್ಷೆ ಮಾಡುತ್ತಾರೆ. ಅಂದರೆ ನಿಮ್ಮ ಮಗನಿಗೆ ಸಂದರ್ಶನ ಒಂದು ಸಲದ ಕಂಟಕವಲ್ಲ, ವರ್ಷಗಟ್ಟಲೆ ಬೇರೆ ಬೇರೆ ಊರಿನಲ್ಲಿ ನಡೆಯುತ್ತಲೇ ಇರುತ್ತದೆ. ಈಗ ಕಲಿತದ್ದು ದಂಡವಾಗುವುದಿಲ್ಲ.

ಏಕೆ ಕೇಳುತ್ತಾರೆ

ತಂಡದವರು ಕೊಡುವ ಸಮರ್ಥನೆ ಒಂದೇ: ಮೈದಾನದಲ್ಲಿ ಎದುರಾಳಿ ಇದಕ್ಕಿಂತ ಕೆಟ್ಟದಾಗಿ ಬೈಯುತ್ತಾನೆ, ಹುಡುಗ ತಾಳ್ಮೆ ಕಳೆದುಕೊಳ್ಳುತ್ತಾನೋ ಇಲ್ಲವೋ ನೋಡಬೇಕು. ಕೇಳಲು ಸರಿಯೆನಿಸುತ್ತದೆ, ನಿಲ್ಲುವುದಿಲ್ಲ. ಎದುರಾಳಿಗೆ ನಿಮ್ಮ ಮಗನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರವಿಲ್ಲ. ಅಧಿಕಾರ ಇರುವವನ ಮುಂದೆ ಸುಮ್ಮನಿರುವುದು ಭಯವೋ ತಾಳ್ಮೆಯೋ ಎಂದು 18 ನಿಮಿಷದಲ್ಲಿ ಗುರುತಿಸುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲ. ಮೇಲಾಗಿ ಒಬ್ಬೊಬ್ಬನಿಗೆ ಒಂದೊಂದು ಪ್ರಶ್ನೆ ಕೇಳಿದರೆ ಇಬ್ಬರನ್ನು ಹೋಲಿಸುವುದು ಹೇಗೆ? ಕೆಲಸದ ಸಂದರ್ಶನಗಳ ಮೇಲೆ ದಶಕಗಳ ಅಧ್ಯಯನವಿದೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಅವನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳುವ ಸಂದರ್ಶನ ಕೆಲಸದ ಗುಣವನ್ನು ಊಹಿಸುವುದರಲ್ಲಿ ಮನಬಂದಂತೆ ಕೇಳುವ ಸಂದರ್ಶನಕ್ಕಿಂತ ಸ್ಪಷ್ಟವಾಗಿ ಮೇಲು ಎಂದು ಕಂಡಿತು. 12 ನಿಮಿಷಕ್ಕೆ 50 ಪ್ರಶ್ನೆ ಕೇಳಿ ಬುದ್ಧಿಮತ್ತೆ ಅಳೆಯುವ ವಂಡರ್ಲಿಕ್ ಪರೀಕ್ಷೆಯನ್ನು ಕಂಬೈನ್‌ನಿಂದ 2022ರಲ್ಲಿ ತೆಗೆದರು. ಕಣ್ಣು ಮಿಟುಕಿಸದೆ ದಿಟ್ಟಿಸುವ ಪಂದ್ಯದಂಥ ಚೇಷ್ಟೆಗಳು ಮಾತ್ರ ಹಾಗೆ ಪಟ್ಟಿ ಮಾಡಿ ತೆಗೆಯಲು ಸಿಗುವಂಥವಲ್ಲ.

ಹಾಗೆಂದು ಕೇಳುವುದೆಲ್ಲ ಕಿಡಿಗೇಡಿತನವೂ ಅಲ್ಲ. 2023ರ ಡ್ರಾಫ್ಟ್‌ನ ಮೊದಲ ಆಯ್ಕೆಗೆ 4 ವರ್ಷಕ್ಕೆ ಸುಮಾರು 3.8 ಕೋಟಿ ಡಾಲರ್ ಖಾತ್ರಿಯಾಗಿ ಕೊಟ್ಟರು. ಅಷ್ಟು ಹಣ ಹಾಕುವವನು ಹುಡುಗನ ಬಂಧನ, ಮಾದಕ ವಸ್ತು ಪರೀಕ್ಷೆ, ಕಾಲೇಜು ಅಮಾನತು, ಹಳೆ ಗಾಯ, ಹಳೆ ಟ್ವೀಟ್ ಬಗ್ಗೆ ಕೇಳಿದರೆ ತಪ್ಪು ಹೇಳುವಂತಿಲ್ಲ. 2018ರಲ್ಲಿ ಜಾಶ್ ಆ್ಯಲನ್ ಹೈಸ್ಕೂಲಿನಲ್ಲಿದ್ದಾಗ ಹಾಕಿದ್ದ ಕೆಟ್ಟ ಟ್ವೀಟ್‌ಗಳು ಡ್ರಾಫ್ಟ್‌ನ ಹಿಂದಿನ ರಾತ್ರಿ ಹೊರಬಂದವು. ಅವರು ಕ್ಷಮೆ ಕೇಳಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಬಫಲೊ ತಂಡ 7ನೇ ಆಯ್ಕೆಯಾಗಿ ತೆಗೆದುಕೊಂಡಿತು. ಇಂಥ ಪ್ರಶ್ನೆ ಚುಚ್ಚುತ್ತದೆ ನಿಜ, ಆದರೆ ಕೆಲಸಕ್ಕೆ ಸಂಬಂಧಪಟ್ಟದ್ದು. ಇದಕ್ಕೆ ಪೂರ್ತಿ, ನೇರ ಉತ್ತರ ಕೊಡಲೇಬೇಕು. ಏಕೆಂದರೆ ಆ ಮೂಲೆಯ ಮನುಷ್ಯನ ಕಡತದಲ್ಲಿ ಉತ್ತರ ಮೊದಲೇ ಇರುತ್ತದೆ. ಹುಡುಗ ಸುಳ್ಳು ಹೇಳುತ್ತಾನಾ ಎಂದಷ್ಟೇ ನೋಡುತ್ತಾರೆ.

ಈಗ ತೊಡಕಿನ ಭಾಗ. ಸಂಬಂಧ ನೋಡಲು ಬಂದವರು ‘ಸಾಲ ಇದೆಯಾ’ ಅಂತ ಬಾಯಿಬಿಟ್ಟು ಕೇಳದೆ ‘ಮನೆ ಸ್ವಂತದ್ದಾ’ ಅಂತ ಕೇಳುತ್ತಾರಲ್ಲ, ಹಾಗೆ ಸಂದರ್ಶನದ ಎಷ್ಟೋ ಕೆಟ್ಟ ಪ್ರಶ್ನೆಗಳ ಅಡಿಯಲ್ಲಿ ಒಂದು ಕೆಲಸದ ಪ್ರಶ್ನೆ ಅಡಗಿರುತ್ತದೆ. ‘ಗರ್ಲ್‌ಫ್ರೆಂಡ್ ಇದ್ದಾಳಾ’ ಎಂಬುದರ ಅಡಿಯಲ್ಲಿ ‘ಬೇರೆ ಊರಿಗೆ ಬಂದರೆ ನಿನ್ನ ಜೊತೆ ಯಾರಿರುತ್ತಾರೆ, ರಾತ್ರಿ ಎಲ್ಲಿ ಕಳೆಯುತ್ತೀ’ ಎಂಬುದಿರುತ್ತದೆ. ‘ಅಪ್ಪ ಅಮ್ಮ ಒಟ್ಟಿಗಿದ್ದಾರಾ’ ಎಂಬುದರ ಅಡಿಯಲ್ಲಿ ‘ದುಡ್ಡು ಬಂದ ದಿನ ಯಾರು ಕೈಚಾಚುತ್ತಾರೆ, ಯಾರ ಮಾತು ಕೇಳುತ್ತೀ’ ಎಂಬುದು. ಭಾರತೀಯ ಮೂಲದ ಹುಡುಗನಿಗೆ ‘ನಿಮ್ಮವರೆಲ್ಲ ಡಾಕ್ಟರ್ ಎಂಜಿನಿಯರ್ ಆಗ್ತಾರಲ್ಲ, ನಿನಗ್ಯಾಕಪ್ಪ ಫುಟ್‌ಬಾಲ್’ ಎಂದರೆ ಮಾತು ಒರಟು, ಅಡಿಯಲ್ಲಿರುವುದು ‘ಎರಡು ಸಲ ತಂಡದಿಂದ ಹೊರಹಾಕಿದರೆ ಬಿಟ್ಟು ಓದಲು ಹೋಗುತ್ತೀಯಾ’ ಎಂಬ ನ್ಯಾಯವಾದ ಅನುಮಾನ. ಹುಡುಗ ಉತ್ತರ ಕೊಡಬೇಕಾದ್ದು ಅಡಿಯಲ್ಲಿರುವ ಪ್ರಶ್ನೆಗೆ.

‘ಗಂಡಸರು ಇಷ್ಟವಾ’ ಎಂಬುದರ ಅಡಿಯಲ್ಲಿ ಏನೂ ಇಲ್ಲ. ‘ನಿಮ್ಮಮ್ಮ ವೇಶ್ಯೆಯಾ’ ಎಂಬುದರ ಅಡಿಯಲ್ಲೂ ಇಲ್ಲ. ಅಡಿ ಬರಿದಾಗಿದ್ದರೆ ಉತ್ತರವೂ ಬೇಕಿಲ್ಲ. ಇದೊಂದು ವಿಂಗಡಣೆ ಹುಡುಗನ ಕೈಗೆ ಬಂದರೆ ಮುಕ್ಕಾಲು ಕೆಲಸ ಮುಗಿದಂತೆ.

ಬಾಯಲ್ಲಿ ಏನು ಬರಬೇಕು

ಒಂದು ಉಸಿರು, ಒಂದು ವಾಕ್ಯ, ನಿಲುಗಡೆ. ಒಟ್ಟು 15 ಸೆಕೆಂಡ್ ಮೀರಬಾರದು. ಅವನು ಮಾತಾಡುವುದು ಇಂಗ್ಲಿಷಿನಲ್ಲಿ, ತಾತ್ಪರ್ಯ ಇಲ್ಲಿದೆ.

ಗರ್ಲ್‌ಫ್ರೆಂಡ್ ಪ್ರಶ್ನೆಗೆ: ‘ಎಲ್ಲಿಗೆ ಕರೆದರೂ ಒಬ್ಬನೇ ಬರುತ್ತೇನೆ, ನನ್ನ ದಿನಚರಿ ವಾರದಲ್ಲಿ ಆರು ದಿನದ ಅಭ್ಯಾಸ.’ ಹೆಣ್ಣೋ ಗಂಡೋ ಎಂಬ ಮಾತೇ ಉತ್ತರದಲ್ಲಿ ಬರುವುದಿಲ್ಲ ನೋಡಿ. ಡಾಕ್ಟರ್ ಪ್ರಶ್ನೆಗೆ: ‘ಡಿಗ್ರಿ ಮೇ ತಿಂಗಳಲ್ಲಿ ಮುಗಿಯುತ್ತದೆ, ಅದು ಎಲ್ಲಿಗೂ ಹೋಗುವುದಿಲ್ಲ. ಕಾಲಿಗೆ ಮಾತ್ರ ವಯಸ್ಸಾಗುತ್ತದೆ, ಅದಕ್ಕೇ ಈಗ ಇಲ್ಲಿದ್ದೇನೆ.’ ಮನೆಯ ಪ್ರಶ್ನೆಗೆ: ‘ಹಣದ ವಿಷಯ ನಾನು ಮತ್ತು ನನ್ನ ಏಜೆಂಟ್ ನೋಡಿಕೊಳ್ಳುತ್ತೇವೆ, ಮನೆಯಿಂದ ಒತ್ತಡವಿಲ್ಲ.’

ಅಡಿ ಬರಿದಾದ ಪ್ರಶ್ನೆಗೆ: ‘ಅದು ಆಟಕ್ಕೆ ಸಂಬಂಧಪಟ್ಟದ್ದಲ್ಲ, ಹಾಗಾಗಿ ಉತ್ತರಿಸುವುದಿಲ್ಲ. ಆ 42 ಗಜದ ಒದೆತಕ್ಕೆ ವಾಪಸ್ ಹೋಗೋಣವೇ?’ ಕೊನೆಯ ವಾಕ್ಯ ಬಹಳ ಮುಖ್ಯ. ನಿರಾಕರಿಸಿ ಸುಮ್ಮನೆ ಕೂತರೆ ಕೋಣೆ ಬಿಗಿದುಕೊಳ್ಳುತ್ತದೆ. ಆಟದ ಕಡೆ ಒಂದು ಬಾಗಿಲು ತೆರೆದಿಟ್ಟರೆ ಅಲ್ಲಿರುವ ಬುದ್ಧಿವಂತ ಯಾರಾದರೂ ಅದರಿಂದ ನುಸುಳಿಕೊಳ್ಳುತ್ತಾರೆ. ಆ ಪ್ರಶ್ನೆ ಕೇಳಿದವನ ಪಕ್ಕದಲ್ಲಿ ಕೂತವನಿಗೆ ಹುಡುಗನಿಗಿಂತ ಹೆಚ್ಚು ಮುಜುಗರವಾಗಿರುತ್ತದೆ.

ಕೆಡುವುದು ಎಲ್ಲಿ? ನಕ್ಕು ತೇಲಿಸಲು ಹೋದಾಗ. ‘ಹೆಹೆ, ಇಲ್ಲಪ್ಪ’ ಎಂದರೆ ಉತ್ತರ ಕೊಟ್ಟಂತಾಯಿತು, ಮುಂದಿನ ಪ್ರಶ್ನೆ ಇನ್ನೂ ಒಳಗೆ ನುಗ್ಗುತ್ತದೆ. ತಪ್ಪಿಸಿಕೊಳ್ಳಲು ಇಲ್ಲದ ಗರ್ಲ್‌ಫ್ರೆಂಡನ್ನು ಸೃಷ್ಟಿಸಿದಾಗ ಇನ್ನೂ ಕೆಡುತ್ತದೆ. ಅದು ಒಂದು ಫೋನಿನಲ್ಲಿ ಬಯಲಾಗುತ್ತದೆ. ತಪ್ಪು ಪ್ರಶ್ನೆಯದ್ದಾದರೂ ಸುಳ್ಳುಗಾರ ಎಂಬ ಹೆಸರು ಹುಡುಗನಿಗೆ ಅಂಟುತ್ತದೆ. ‘ನಿಮ್ಮ ಹೆಂಡತಿ ಬಗ್ಗೆ ನಾನು ಕೇಳಲಾ’ ಎಂಬ ಎದುರೇಟು ಅಡುಗೆಮನೆಯಲ್ಲಿ ಕೂತು ಯೋಚಿಸುವಾಗ ಬಹಳ ರುಚಿಸುತ್ತದೆ, ಕೋಣೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾನೂನಿನ ಸೆಕ್ಷನ್ ಹೇಳುವುದೂ ಆ ಹೊತ್ತಿಗೆ ಬೇಡ.

ಇದನ್ನು ಓದಿದರೆ ಬರುವುದಿಲ್ಲ, ಉರು ಹೊಡೆದರೆ ಬರುತ್ತದೆ. ಕಂಬೈನ್‌ಗೆ 6 ವಾರ ಮುಂಚೆಯಿಂದ ವಾರಕ್ಕೆ ಎರಡು ಸಲ ಅಣಕು ಸಂದರ್ಶನ ಮಾಡಿ. ಮೇಜಿನಾಚೆ ಐದಾರು ಜನ, ಅದರಲ್ಲಿ ಇಬ್ಬರಾದರೂ ಅವನಿಗೆ ಪರಿಚಯವಿಲ್ಲದವರು. ಫೋನಿನಲ್ಲಿ 18 ನಿಮಿಷದ ಟೈಮರ್, ಲ್ಯಾಪ್‌ಟಾಪಿನಲ್ಲಿ ಅವನು ತಪ್ಪಿದ ಒದೆತಗಳು, ಪಕ್ಕದಲ್ಲಿ ಚಿತ್ರೀಕರಣಕ್ಕೆ ಇನ್ನೊಂದು ಫೋನ್. 36 ಚೀಟಿಯಲ್ಲಿ ಪ್ರಶ್ನೆ ಬರೆದು ಕಲಸಿ, ಅದರಲ್ಲಿ 6 ಅಡ್ಡ ಪ್ರಶ್ನೆ ಇರಲಿ. ಯಾವಾಗ ಬರುತ್ತದೆ ಎಂದು ಅವನಿಗೆ ಗೊತ್ತಿರಬಾರದು, ತುಣುಕು ಓಡುತ್ತಿರುವಾಗಲೇ ಕೇಳಬೇಕು. ಆಮೇಲೆ ಚಿತ್ರ ನೋಡುವಾಗ ಮಾತು ಕೇಳಬೇಡಿ, ಧ್ವನಿ ಮುಚ್ಚಿ ಕೈ, ದವಡೆ, ಭುಜ ನೋಡಿ. ಅಡ್ಡ ಪ್ರಶ್ನೆ ಬಂದ ಕ್ಷಣ ಭುಜ ಮೇಲೇರುವುದು ಮೂರನೇ ವಾರದ ಹೊತ್ತಿಗೆ ನಿಲ್ಲಬೇಕು. ಅಂದಹಾಗೆ ತಾಯಿಯ ಬಗೆಗಿನ ಪ್ರಶ್ನೆಗಳ ಅಭ್ಯಾಸ ನಡೆಯುವಾಗ ನೀವಿಬ್ಬರೂ ಮನೆಯಲ್ಲಿ ಇರಬೇಡಿ. ಅಮ್ಮ ಪಕ್ಕದ ಕೋಣೆಯಲ್ಲಿದ್ದಾಳೆ ಎಂದು ಗೊತ್ತಿದ್ದರೆ ಕೇಳುವವನೂ ಕೇಳುವುದಿಲ್ಲ, ಹೇಳುವವನೂ ಹೇಳುವುದಿಲ್ಲ. ಈ ತರಬೇತಿಯನ್ನು ಏಜೆಂಟೇ ಏರ್ಪಡಿಸುವುದು ರೂಢಿ. ನಿಮ್ಮ ಏಜೆಂಟ್ ಆಟಗಾರರ ಸಂಘದಿಂದ ಮಾನ್ಯತೆ ಪಡೆದವರೇ, ಸಂದರ್ಶನದ ಅಭ್ಯಾಸ ಒಪ್ಪಂದದಲ್ಲಿ ಸೇರಿದೆಯೇ ಎಂದು ಸಹಿಗೆ ಮುಂಚೆ ಕೇಳಿ.

ಕಾನೂನು ಎಲ್ಲಿಗೆ ಬರುತ್ತದೆ

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ‘ಮದುವೆ ಆಗಿದೆಯಾ’, ‘ಗಂಡಸರು ಇಷ್ಟವಾ’ ಎಂದು ಕೇಳುವುದೇ ತಾನಾಗಿ ಅಪರಾಧವಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯ ಟೈಟಲ್ 7 ನಿಷೇಧಿಸುವುದು ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶದ ಕಾರಣಕ್ಕೆ ಕೆಲಸ ನಿರಾಕರಿಸುವುದನ್ನು. ಲೈಂಗಿಕ ಒಲವೂ ಅದರೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಬಾಸ್ಟಾಕ್ ತೀರ್ಪಿನಲ್ಲಿ ಹೇಳಿತು. ಪ್ರಶ್ನೆ ಆ ತಾರತಮ್ಯಕ್ಕೆ ಸಾಕ್ಷಿಯಾಗುತ್ತದೆ, ಅಷ್ಟೇ. ಆದರೆ ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಒಂದು ತಂಡ ಒಬ್ಬನನ್ನು ಏಕೆ ಬಿಟ್ಟಿತು ಎಂದು ಸಾಬೀತುಪಡಿಸುವುದು ಹಗ್ಗವಿಲ್ಲದೆ ಬಾವಿಗೆ ಇಳಿದಂತೆ. ದೂರು ಕೊಡುವುದಾದರೆ ಫೆಡರಲ್ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 180 ದಿನದೊಳಗೆ ಕೊಡಬೇಕು. ರಾಜ್ಯದಲ್ಲೂ ಅಂಥ ಸಂಸ್ಥೆ ಇದ್ದರೆ 300 ದಿನ.

ವೈದ್ಯಕೀಯ ಪ್ರಶ್ನೆಗಳ ವಿಷಯದಲ್ಲಿ ಕಾನೂನು ಬಿಗಿ. 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಕೆಲಸ ಕೊಡುವ ಮುಂಚೆ ವೈದ್ಯಕೀಯ ತಪಾಸಣೆ ಮಾಡುವಂತಿಲ್ಲ. ಕಂಬೈನ್‌ನಲ್ಲಿ ನಡೆಯುವುದು ಅದೇ. ಇದು ಕಾನೂನು ಮೀರಿದ್ದು ಎಂದು 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ವಾದಿಸಿದರು, ಲೀಗ್ ಒಪ್ಪಲಿಲ್ಲ, ತಪಾಸಣೆ ಮುಂದುವರಿದಿದೆ. ನಿಮ್ಮ ಮಗ ಅದನ್ನು ಒಬ್ಬನೇ ಎದುರಿಸಲು ಹೋಗುವುದು ಬೇಡ. ಆದರೆ ಒಂದು ಪ್ರಶ್ನೆಗೆ ಗಟ್ಟಿಯಾಗಿ ನಿಲ್ಲಬಹುದು. ‘ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಾ, ತಾತನಿಗೆ ಹಾರ್ಟ್ ಅಟ್ಯಾಕ್ ಆಗಿತ್ತಾ’ ಎಂದು ಕೆಲಸ ಕೊಡುವವರ ಪರವಾಗಿ ಕೇಳುವುದನ್ನು 2008ರ ಜಿನಾ ಕಾಯ್ದೆ (ಆನುವಂಶಿಕ ಮಾಹಿತಿಯ ಆಧಾರದ ತಾರತಮ್ಯ ತಡೆಯುವ ಕಾಯ್ದೆ) ತಡೆಯುತ್ತದೆ. ಮನೆತನದ ಕಾಯಿಲೆಯ ಇತಿಹಾಸವೂ ಆ ಕಾಯ್ದೆಯಲ್ಲಿ ಆನುವಂಶಿಕ ಮಾಹಿತಿಯೇ. ನಮ್ಮ ಮನೆಗಳಲ್ಲಿ ಈ ಎರಡು ಕಾಯಿಲೆ ಇಲ್ಲದ ವಂಶ ಹುಡುಕಬೇಕು, ಆದ್ದರಿಂದ ಹೇಳುತ್ತಿದ್ದೇನೆ. ಅರ್ಜಿಯಲ್ಲಿ ಆ ಕಾಲಂ ಇದ್ದರೆ ಖಾಲಿ ಬಿಟ್ಟು ಏಜೆಂಟ್‌ಗೆ ತಿಳಿಸಲಿ. ತಂಡದ ವೈದ್ಯರೂ ಮನಃಶಾಸ್ತ್ರಜ್ಞರೂ ಕೆಲಸ ಮಾಡುವುದು ತಂಡಕ್ಕೆ, ಅವನಿಗಲ್ಲ. ಬಿಳಿ ಕೋಟು ನೋಡಿ ಮನಸ್ಸು ಬಿಚ್ಚಬಾರದು.

ಆಟಗಾರರ ಸಂಘದ ಸದಸ್ಯತ್ವ ಇನ್ನೂ ಇಲ್ಲದಿದ್ದರೂ ಡ್ರಾಫ್ಟ್‌ಗೆ ಬರುವ ಹುಡುಗರ ಮೇಲೆ ಸಂಘದ ಒಪ್ಪಂದದ ನಿಯಮಗಳು ಅನ್ವಯಿಸುತ್ತವೆ ಎಂಬುದು 2004ರ ಕ್ಲಾರೆಟ್ ಪ್ರಕರಣದಿಂದ (ಡ್ರಾಫ್ಟ್ ಅರ್ಹತೆಯ ನಿಯಮವನ್ನು ಪ್ರಶ್ನಿಸಿ ಆಟಗಾರ ಮಾರಿಸ್ ಕ್ಲಾರೆಟ್ ಹೂಡಿದ ಮೊಕದ್ದಮೆ) ಗಟ್ಟಿಯಾದ ಮಾತು. ಹಾಗಾಗಿ ಏಜೆಂಟ್ ಮೂಲಕ ಸಂಘಕ್ಕೆ ವಿಷಯ ಮುಟ್ಟಿಸಲು ಸಂಕೋಚ ಬೇಡ.

ಗುಟ್ಟಾಗಿ ರೆಕಾರ್ಡ್ ಮಾಡುವ ಯೋಚನೆ ಬಂದಿದ್ದರೆ ಬಿಡಿ. ಇಂಡಿಯಾನ, ನ್ಯೂಜೆರ್ಸಿಗಳಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಇದ್ದರೆ ಸಾಕು. ಫ್ಲಾರಿಡಾ, ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾಗಳಲ್ಲಿ ಎಲ್ಲರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಅಪರಾಧ ಇವನದ್ದಾಗುತ್ತದೆ. ಮೂರರಲ್ಲೂ ಎನ್‌ಎಫ್‌ಎಲ್ ತಂಡಗಳಿವೆ.

ಬದಲಿಗೆ ಬರೆದಿಡಬೇಕು. ಗೈಸ್ ಪ್ರಕರಣದ ‘ದೃಢಪಡಿಸಲು ಆಗಲಿಲ್ಲ’ ನೆನಪಿದೆಯಲ್ಲ? ಬಾಯಿಮಾತಿನೆದುರು ಬಾಯಿಮಾತು ನಿಂತರೆ ಗೆಲ್ಲುವುದು ಸಂಸ್ಥೆ. ಹೊರಬಂದ ಒಂದು ಗಂಟೆಯೊಳಗೆ, ಊಟಕ್ಕೂ ಮುಂಚೆ, ಒಂದು ಪುಟ: ದಿನ, ಹೊತ್ತು, ಸ್ಥಳ, ತಂಡ, ಕೋಣೆಯಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತಿದ್ದರು (ಹೆಸರು ಗೊತ್ತಿಲ್ಲದಿದ್ದರೆ ಹುದ್ದೆ, ಅದೂ ಇಲ್ಲದಿದ್ದರೆ ‘ಎಡಗಡೆ ಕೊನೆ, ಬೂದು ಜಾಕೆಟ್’), ಕೇಳಿದ ಮಾತು ಕೇಳಿದ ಪದಗಳಲ್ಲೇ, ತನ್ನ ಉತ್ತರ, ಆಗ ಬೇರೆಯವರು ಏನು ಮಾಡಿದರು. ‘ಅಸಭ್ಯವಾಗಿ ಕೇಳಿದರು’ ಎಂದು ಬರೆದರೆ ಆರು ವಾರದ ನಂತರ ಅದಕ್ಕೆ ಬೆಲೆಯಿಲ್ಲ. ಪದಕ್ಕೆ ಪದ ಬೇಕು. ಆ ಪುಟದ ಫೋಟೊ ತೆಗೆದು ಏಜೆಂಟ್‌ಗೂ ತನಗೂ ಇಮೇಲ್ ಮಾಡಿದರೆ ಹೊತ್ತಿನ ಮುದ್ರೆ ತಾನಾಗಿ ಬೀಳುತ್ತದೆ. ಕೆಲವು ತಂಡಗಳು ಸಂದರ್ಶನವನ್ನು ತಾವೇ ಚಿತ್ರೀಕರಿಸುತ್ತವೆ. ಕ್ಯಾಮೆರಾ ಕಂಡಿದ್ದರೆ ಅದನ್ನೂ ಬರೆಯಲಿ, ವಿಚಾರಣೆಗೆ ಬಂದಾಗ ಆ ಚಿತ್ರ ಕೇಳಬಹುದು.

ಆಮೇಲೆ ಏನು ಮಾಡುವುದು ಏಜೆಂಟ್ ಕೈಯಲ್ಲಿದೆ: ಆ ತಂಡದ ಜನರಲ್ ಮ್ಯಾನೇಜರ್‌ಗೆ ಖಾಸಗಿ ಫೋನ್, ಇಲ್ಲವೇ ಸಂಘ, ಇಲ್ಲವೇ ಲೀಗ್. 2022ರ ಸುತ್ತೋಲೆಯ ನಂತರ ಮೊದಲ ಫೋನಿಗೇ ಹಿಂದಿಗಿಂತ ಹೆಚ್ಚು ತೂಕ ಬಂದಿದೆ ಎಂದೇ ನನ್ನ ಅನಿಸಿಕೆ. ಹುಡುಗ ತಾನಾಗಿ ರೇಡಿಯೊಗೋ ಪಾಡ್‌ಕಾಸ್ಟ್‌ಗೋ ಹೇಳುವುದು ಕೊನೆಯ ದಾರಿ. ಹೇಳಿದವರೆಲ್ಲ ಮುಳುಗಿದರು ಎಂದೇನಿಲ್ಲ, ಆ್ಯಪಲ್ ಹೇಳಿದ ಮೇಲೂ 10ನೇ ಆಯ್ಕೆಯಾದರು. ಆದರೆ ಮೊದಲ ಸುತ್ತಿನ ಕಾರ್ನರ್‌ಬ್ಯಾಕ್‌ಗೆ (ರಕ್ಷಣಾ ಆಟಗಾರ, ಆ್ಯಪಲ್ ಅವರ ಸ್ಥಾನ) ಇರುವ ಬಲ ಡ್ರಾಫ್ಟ್ ಆಗುವುದೇ ಅನುಮಾನವಿರುವ ಕಿಕರ್‌ಗೆ ಇರುವುದಿಲ್ಲ.

ಉತ್ತರಿಸದಿದ್ದರೆ ಅವಕಾಶ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಒಂದು ತಂಡದಲ್ಲಿ ತಪ್ಪಬಹುದು, ಸುಳ್ಳು ಸಮಾಧಾನ ಹೇಳುವುದಿಲ್ಲ. ಯಾರೋ ಒಬ್ಬರು ‘ಬಾಯಿ ಬಿಡುವುದಿಲ್ಲ’ ಎಂದು ಟಿಪ್ಪಣಿ ಹಾಕಬಹುದು, ಅದು ನಿಮಗೆ ಎಂದೂ ಗೊತ್ತಾಗುವುದಿಲ್ಲ. ಆದರೆ ತಾಳ್ಮೆ ಪರೀಕ್ಷಿಸುತ್ತಿದ್ದೇವೆ ಎಂಬುದು ಅವರದೇ ಸಮರ್ಥನೆಯಾದರೆ, ದನಿಯೇರಿಸದೆ ನಿರಾಕರಿಸಿ ಆಟಕ್ಕೆ ಮರಳಿದವನು ಆ ಪರೀಕ್ಷೆಯಲ್ಲಿ ಪಾಸಾದಂತೆಯೇ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು. ಐಪಿಎಲ್, ಪ್ರೊ ಕಬಡ್ಡಿಗಳಲ್ಲಿ ಹರಾಜು ಇರುವುದರಿಂದ ಇಂಥ ಸಂದರ್ಶನದ ಪದ್ಧತಿ ಬೆಳೆದಿಲ್ಲ. ನಮ್ಮಲ್ಲಿ ಆಟಗಾರರು ಸಂದರ್ಶನಕ್ಕೆ ಕೂರುವುದು ರೈಲ್ವೆ, ಪೊಲೀಸ್, ಬ್ಯಾಂಕಿನ ಕ್ರೀಡಾ ಕೋಟಾ ಹುದ್ದೆಗೆ. ಓಟಗಾರ್ತಿಗೆ ‘ಮದುವೆ ಯಾವಾಗ, ಆಮೇಲೆ ಓಡ್ತೀಯಾ’ ಎಂದು ಕೇಳಿದರೆ ಮೇಲಿನ ವಿಂಗಡಣೆಯೇ ಸಾಕು: ‘ಮುಂದಿನ ಋತುವಿನ ತರಬೇತಿ ಯೋಜನೆ ತಂದಿದ್ದೇನೆ ಸರ್’ ಎಂದು ಹಾಳೆ ಮುಂದಿಡಬಹುದು. ಸರ್ಕಾರಿ ಕೆಲಸದಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಭೇದ ಮಾಡುವುದನ್ನು ಸಂವಿಧಾನದ 16ನೇ ವಿಧಿ ತಡೆಯುತ್ತದೆ. ಮಾತು ಲೈಂಗಿಕವಾಗಿ ತಿರುಗಿದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆ ಸಂಸ್ಥೆಯ ಆಂತರಿಕ ಸಮಿತಿಗೆ 3 ತಿಂಗಳೊಳಗೆ ದೂರು ಕೊಡಬಹುದು. ದೂರು ಕೊಡುವವಳು ಅಲ್ಲಿನ ಉದ್ಯೋಗಿಯೇ ಆಗಿರಬೇಕೆಂದಿಲ್ಲ.

ಮತ್ತೆ ನಿಮ್ಮ ಮಗನ ವಿಷಯ. ಡ್ರಾಫ್ಟ್ ಆದವನಿಗೆ ತಂಡ ಆರಿಸುವ ಹಕ್ಕಿಲ್ಲ, ಕರೆದಲ್ಲಿಗೆ ಹೋಗಬೇಕು. ಡ್ರಾಫ್ಟ್ ಆಗದವನಿಗೆ ಆ ಹಕ್ಕು ಉಂಟು. ಕಿಕರ್‌ಗಳಲ್ಲಿ ಬಹುಪಾಲು ಈ ಎರಡನೇ ಗುಂಪಿನವರು ಎಂದೆನಲ್ಲ. ಏಳನೇ ಸುತ್ತು ಮುಗಿಯುತ್ತಿದ್ದಂತೆ ಫೋನುಗಳು ಶುರುವಾಗುತ್ತವೆ, ಎರಡು ಮೂರು ತಂಡ ಒಟ್ಟಿಗೇ ಕೇಳಬಹುದು, ನಿರ್ಧರಿಸಲು ಸಿಗುವುದು ನಿಮಿಷಗಳಷ್ಟೇ. ಅಲ್ಲಿ ಈಗಿರುವ ಕಿಕರ್‌ಗೆ ವಯಸ್ಸೆಷ್ಟು, ಸ್ಟೇಡಿಯಂಗೆ ಮೇಲ್ಛಾವಣಿ ಇದೆಯಾ, ಮುಂಗಡ ಎಷ್ಟು ಕೊಡುತ್ತಾರೆ ಎಂದೆಲ್ಲ ಏಜೆಂಟ್ ಲೆಕ್ಕ ಹಾಕುತ್ತಿರುತ್ತಾರೆ. ಆ ಸಂಜೆ ಮಗನಿಗೆ ತಾನು ಬರೆದಿಟ್ಟ ಸಂದರ್ಶನದ ಪುಟಗಳನ್ನು ಫೋನಿನ ಪಕ್ಕದಲ್ಲಿ ಹರಡಿಕೊಂಡು ಕೂರಲು ಹೇಳಿ.